ಕೊಳೆರೋಗವು ಮಳೆಯಿಂದ ಬರುವುದೆ, ಮಳೆಯೊಡನೆ ಬರುವುದೆ?

ಮಲೆನಾಡಿನ ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಮೃಗಶಿರಾ ಮಳೆ ಹಿಡಿದು ಹದಿನೈದಿಪ್ಪತ್ತು ದಿನಗಳು ಕಳೆಯುವಷ್ಟರಲ್ಲಿ ಎಳೆಗಾಯಿಯ ತೊಟ್ಟಿನ ಬಳಿ ನೀರು ತುಂಬಿದಂತೆ ಕಾಣುವ ಕಡುಹಸುರಿನ ಮಚ್ಚೆಯೊಂದು ಹುಟ್ಟುವುದು. ಕಾಯಿಯು ತನ್ನ ಹೊಳಪನ್ನು ಕಳೆದುಕೊಳ್ಳುವುದು. ಬಳಿಕ ಒಂದೊಂದಾಗಿ ಉದುರಲಾರಂಭಿಸುವುದು. ಉದುರಿದ ಕಾಯಿಗಳ ಮೇಲೆ ಕೆಲವೇ ದಿನಗಳಲ್ಲಿ ಹತ್ತಿಯಂತಹ ಬಿಳಿಯ ಬೂಷ್ಟು ಹಬ್ಬುವುದು. ಸಾಲದ ಕಂತು, ಮಕ್ಕಳ ವಿದ್ಯಾಭ್ಯಾಸ, ಮನೆಯ ಶುಭಕಾರ್ಯ ಇವೆಲ್ಲಕ್ಕೂ ಅಡಿಕೆಯೊಂದನ್ನೇ ನೆಚ್ಚಿಕೊಂಡಿರುವ ಕುಟುಂಬಕ್ಕೆ, ಇರುಳಿನಲ್ಲಿ ತೋಟದ ಕಡೆಯಿಂದ ಕೇಳಿಬರುವ ಕಾಯಿ ಬೀಳುವ ಸಪ್ಪಳಕ್ಕಿಂತ ಭಯಂಕರವಾದ ಶಬ್ದವು ಬೇರೊಂದಿರಲಾರದು.

ಈ ಕಾಲದಲ್ಲಿ ಇಲಾಖೆಯ ಕಚೇರಿಗಳಿಗೆ ಧಾವಿಸಿ ಬರುವ ಬೆಳೆಗಾರರೆಲ್ಲರೂ ಕೇಳುವ ಮೊದಲ ಪ್ರಶ್ನೆಯು ‘ಯಾವ ಔಷಧಿ ಹೊಡೆಯಬೇಕು?’ ಎಂಬುದು. ಸಂಕಟದಲ್ಲಿರುವವರು ಹೀಗೆ ಕೇಳುವುದು ಸಹಜವೇ ಸರಿ. ಆದರೆ ರೋಗದ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯು ಅದಲ್ಲ. ‘ಇದು ಯಾವುದರಿಂದ ಹುಟ್ಟಿತು, ಎಲ್ಲಿತ್ತು, ಯಾವ ದಾರಿಯಿಂದ ಬಂದಿತು?’ ಎಂಬುದೇ ಮೊದಲ ಪ್ರಶ್ನೆ. ಇದಕ್ಕೆ ಉತ್ತರವನ್ನು ತಿಳಿದವನು ಔಷಧಿಯನ್ನು ಸಕಾಲದಲ್ಲಿ ಉಪಯೋಗಿಸಬಲ್ಲನು. ತಿಳಿಯದವನು ಹಣವನ್ನು ವೆಚ್ಚ ಮಾಡಿಯೂ ಫಲವನ್ನು ಕಾಣಲಾರನು.

ಕಾರಣವನ್ನು ಕೇಳಿದರೆ ಬಹುಮಂದಿ ಹೇಳುವ ಉತ್ತರವು ಒಂದೇ: ‘ಮಳೆ’. ಮಳೆ ಹೆಚ್ಚಾದ ವರ್ಷ ರೋಗವು ಹೆಚ್ಚುವುದೂ, ಮಳೆ ಕಡಿಮೆಯಾದ ವರ್ಷ ರೋಗವು ತಗ್ಗುವುದೂ ಎಲ್ಲರ ಅನುಭವಕ್ಕೂ ಬಂದ ಮಾತಾದುದರಿಂದ ಈ ಉತ್ತರವು ಸುಳ್ಳೆಂದು ತಳ್ಳಿಹಾಕುವಂತಹುದಲ್ಲ, ಅರ್ಧ ಸತ್ಯವಾದುದು. ಮಳೆಯೇ ಮೂಲಕಾರಣವಾಗಿದ್ದ ಪಕ್ಷದಲ್ಲಿ, ಒಂದೇ ಮಳೆಯಲ್ಲಿ ನೆನೆದ ಎರಡು ತೋಟಗಳ ಪೈಕಿ ಒಂದು ಉಳಿದು ಇನ್ನೊಂದು ಅಳಿಯುವುದೇಕೆ? ಒಂದೇ ಮರದ ಎರಡು ಕೊನೆಗಳಲ್ಲಿ ಒಂದು ಮೊದಲು ಕೊಳೆತು ಮತ್ತೊಂದು ಕೆಲವು ದಿನ ಹಸುರಾಗಿಯೇ ನಿಲ್ಲುವುದೇಕೆ? ಬಿತ್ತದಿರುವ ಗದ್ದೆಗೆ ಎಷ್ಟು ಮಳೆ ಸುರಿದರೂ ಬತ್ತವು ಮೊಳೆಯಲಾರದು. ಬಿತ್ತಿದ ಗದ್ದೆಯಲ್ಲಾದರೂ ಮಳೆಯಿಲ್ಲದೆ ಬತ್ತವು ಮೇಲೇಳದು. ಬೀಜವು ಮೂಲಕಾರಣ, ಮಳೆಯು ಸಹಕಾರಿ ಕಾರಣ. ಕೊಳೆರೋಗದ ವಿಷಯವೂ ಹೀಗೆಯೇ. ರೋಗಕ್ಕೊಂದು ಬೀಜವಿದೆ, ಮಳೆಯು ಅದನ್ನು ಮೊಳೆಯಿಸುವುದು. ಮಳೆಯನ್ನು ತಡೆಯುವ ಶಕ್ತಿಯು ಮನುಷ್ಯನಿಗಿಲ್ಲ. ಬೀಜವನ್ನು ತೆಗೆಯುವ ಶಕ್ತಿಯು ಅವನಿಗಿದೆ.

ಈ ಎರಡು ಕಾರಣಗಳನ್ನು ಬೇರ್ಪಡಿಸಿ ತಿಳಿಯದುದರಿಂದ ಒಂದು ದೇಶವೇ ಎಂತಹ ದುರ್ದೆಸೆಗೀಡಾಯಿತೆಂಬುದಕ್ಕೆ ಐರ್ಲೆಂಡಿನ ವೃತ್ತಾಂತವು ಸಾಕ್ಷಿಯಾಗಿದೆ. 1845 ರಲ್ಲಿ ಆ ದೇಶದ ಬಡವರ ಮುಖ್ಯಾಹಾರವಾದ ಆಲೂಗೆಡ್ಡೆಯ ಗಿಡಗಳು ಒಮ್ಮಿಂದೊಮ್ಮೆಗೆ ಕಪ್ಪಾಗಿ ಕೊಳೆತುಹೋದವು. ಮುಂದಿನ ವರ್ಷಗಳಲ್ಲಿಯೂ ರೋಗವು ಮರುಕಳಿಸಿತು. ಕ್ಷಾಮದಿಂದಲೂ ಅದರ ಬೆನ್ನಿಗೆ ಬಂದ ಜಾಡ್ಯಗಳಿಂದಲೂ ಸುಮಾರು 10 ಲಕ್ಷ ಜನರು ಮಡಿದರು. ಅಷ್ಟೇ ಜನರು ದೇಶವನ್ನು ಬಿಟ್ಟು ಹೋದರು. ಆಗ ಪ್ರಸಿದ್ಧ ಸಸ್ಯಶಾಸ್ತ್ರಜ್ಞನಾಗಿದ್ದ ಲಿಂಡ್ಲೆ ಎಂಬಾತನು, ಆ ವರ್ಷದ ಅತಿಯಾದ ತೇವದಿಂದಲೇ ಗಿಡಗಳು ಕೊಳೆತುವೆಂದೂ ಅವುಗಳ ಮೇಲೆ ಕಾಣುವ ಬೂಷ್ಟು ಕೊಳೆತದ ಫಲವೇ ಹೊರತು ಕಾರಣವಲ್ಲವೆಂದೂ ವಾದಿಸಿದನು. ಬರ್ಕ್ಲಿ ಎಂಬ ಪಾದ್ರಿಯು 1846 ರಲ್ಲಿ, ಬೂಷ್ಟೇ ಕಾರಣವೆಂದು ಬರೆದನು. ಆದರೆ ಅವನ ಮಾತಿಗೆ ಮನ್ನಣೆ ದೊರೆಯಲಿಲ್ಲ. 1861 ರಲ್ಲಿ ಜರ್ಮನಿಯ ಡಿ ಬ್ಯಾರಿ ಎಂಬ ವಿದ್ವಾಂಸನು ಆರೋಗ್ಯವಾದ ಗಿಡಗಳಿಗೆ ಆ ಬೂಷ್ಟಿನ ಬೀಜಾಣುಗಳನ್ನು ಸೋಂಕಿಸಿ, ಸೋಂಕಿಸಿದ ಗಿಡಗಳಿಗೆ ಮಾತ್ರ ರೋಗವು ತಗಲುವುದನ್ನು ತೋರಿಸಿದ ಮೇಲೆ ವಾದವು ಮುಗಿಯಿತು. ಆ ಜೀವಿಗೆ ಅವನು 1876 ರಲ್ಲಿ ‘ಫೈಟಾಫ್ತೊರ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಸಸ್ಯನಾಶಕವೆಂದರ್ಥ.

ಇದು ದೂರದೇಶದ ಕಥೆಯೆಂದು ಅಡಿಕೆಯ ಬೆಳೆಗಾರರು ಬದಿಗಿಡುವಂತಿಲ್ಲ. ಅಡಿಕೆಯನ್ನು ಕೊಳೆಯಿಸುವ ಜೀವಿಯೂ ಅದೇ ಫೈಟಾಫ್ತೊರ ಕುಲಕ್ಕೆ ಸೇರಿದುದು. 1908 ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ವ್ಯವಸಾಯ ಇಲಾಖೆಯ ನಿರ್ದೇಶಕರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಕೂಲಂಕಷವಾಗಿ ಪರಿಶೀಲಿಸಿ, 1910 ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕಾಯಿ ಕೊಳೆಯುವುದು ಈ ಜೀವಿಯಿಂದಲೇ ಎಂಬುದನ್ನೂ, ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ದ್ರಾವಣದಿಂದ ಇದನ್ನು ತಡೆಯಬಹುದೆಂಬುದನ್ನೂ ಅವರು ತೋರಿಸಿಕೊಟ್ಟರು. ಕನ್ನಡದ ‘ಕೊಳೆರೋಗ’ ಎಂಬ ಹೆಸರೇ ಲೋಕದ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ನೆಲೆಸಿದೆ. ಆದರೆ ಹೆಸರು ಒಂದಾದ ಮಾತ್ರಕ್ಕೆ ರೋಗವೂ ಒಂದೆಂದು ಭ್ರಮಿಸಲಾಗದು. ಕಾಫಿಯ ಎಲೆಗಳಿಗೆ ಬರುವ ಕೊಳೆರೋಗವು ಬೇರೊಂದು ಬೂಷ್ಟಿನಿಂದ ಉಂಟಾಗುವುದು.

ಅಡಿಕೆಯ ಕೊಳೆಯನ್ನುಂಟುಮಾಡುವ ಈ ಜೀವಿಯನ್ನು ರೂಢಿಯಲ್ಲಿ ಬೂಷ್ಟೆಂದು ಕರೆದರೂ, ಇಂದಿನ ವಿಜ್ಞಾನಿಗಳು ಇದನ್ನು ನಿಜವಾದ ಬೂಷ್ಟುಗಳ ಪಂಕ್ತಿಯಲ್ಲಿ ಕೂಡಿಸದೆ, ನೀರಿನ ಪಾಚಿಗಳ ಒಂದು ವರ್ಗಕ್ಕೆ ಹತ್ತಿರವಾದುದೆಂದು ಬಗೆಯುತ್ತಾರೆ. ಇದು ಕೇವಲ ಪಂಡಿತರ ಚರ್ಚೆಯಲ್ಲ. ಬೂಷ್ಟುರೋಗಗಳಿಗೆಂದು ಅಂಗಡಿಯಲ್ಲಿ ಮಾರುವ ಕಾರ್ಬೆಂಡಜಿಮ್ ಮೊದಲಾದ ಕೆಲವು ಔಷಧಿಗಳು ಇದರ ಮೇಲೆ ಏನೂ ನಡೆಯಿಸಲಾರದಿರುವುದಕ್ಕೆ ಇದೇ ಕಾರಣ. ಶತ್ರುವಿನ ಕುಲವನ್ನು ತಿಳಿಯದೆ ಬಿಟ್ಟ ಬಾಣವು ಗುರಿಯನ್ನು ತಾಗುವುದೆಂತು?

ಇದು ನೀರಿನ ಬಂಧುವಾದುದರಿಂದ ಇದರ ಹರಡುವಿಕೆಯೂ ನೀರಿನಿಂದಲೇ. ಕೊಳೆತ ಕಾಯಿಯ ಮೇಲಿನ ಬಿಳಿಯ ಬೂಷ್ಟಿನಲ್ಲಿ, ಬರಿಗಣ್ಣಿಗೆ ಕಾಣದ, ನಿಂಬೆಹಣ್ಣಿನಾಕಾರದ ಬೀಜಾಣುಚೀಲಗಳು ಅಸಂಖ್ಯಾತವಾಗಿ ಹುಟ್ಟುತ್ತವೆ. ಮಳೆಯ ಹನಿ ಸಿಡಿದಾಗ ಇವು ಹನಿಯೊಡನೆ ಸಿಡಿಯುತ್ತವೆ. ಬಿರುಗಾಳಿಯು ಇರಿಚಲನ್ನು ಹೊತ್ತೊಯ್ದಾಗ ಇವೂ ಒಂದು ಮರದಿಂದ ಇನ್ನೊಂದು ಮರಕ್ಕೆ ಸಾಗುತ್ತವೆ. ಒದ್ದೆಯಾದ ಕಾಯಿಯ ಮೇಲೆ ಬಿದ್ದೊಡನೆ ಚೀಲವೊಡೆದು, ಎರಡೆರಡು ಬಾಲಗಳುಳ್ಳ ಈಜಾಡುವ ಅಣುಗಳು ಹೊರಬಂದು, ಕಾಯಿಯ ಮೇಲಿರುವ ತೆಳುವಾದ ನೀರಿನ ಪೊರೆಯಲ್ಲಿಯೇ ಈಜಿ, ಆಯಕಟ್ಟಿನ ಸ್ಥಳದಲ್ಲಿ ಬೇರೂರುತ್ತವೆ. ಹವೆಯು 20 ರಿಂದ 23 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಂಪಾಗಿದ್ದು, ಗಾಳಿಯ ತೇವಾಂಶವು ನೂರಕ್ಕೆ ತೊಂಬತ್ತನ್ನು ಮೀರಿ, ಬಿಡದೆ ಸುರಿವ ಮಳೆಯ ನಡುವೆ ಆಗಾಗ ಬಿಸಿಲು ಇಣುಕುತ್ತಿದ್ದರೆ ಇವುಗಳಿಗೆ ಹಬ್ಬ. ಮಲೆನಾಡಿನ ಆಷಾಢ ಶ್ರಾವಣಗಳು ಹೀಗೆಯೇ ಇರುವುವಷ್ಟೆ.

‘ಹಾಗಾದರೆ ಬೇಸಿಗೆಯಲ್ಲಿ ಇದು ಎಲ್ಲಿರುವುದು?’ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಪರಿಹಾರದ ಬೀಗದ ಕೈಯಿರುವುದು ಈ ಪ್ರಶ್ನೆಯಲ್ಲಿಯೇ. ಮಳೆಗಾಲದ ಕೊನೆಯಲ್ಲಿ ರೋಗ ತಗಲಿದ ಕಾಯಿಗಳು ಎಲ್ಲವೂ ಉದುರುವುದಿಲ್ಲ. ಹಲವು ಕಾಯಿಗಳು ಕೊನೆಯಲ್ಲಿಯೇ ಕೊಳೆತು, ಒಣಗಿ, ಕರಿದಾಗಿ ಮರದಲ್ಲಿಯೇ ನೇತಾಡುತ್ತಿರುತ್ತವೆ. ಕೊಯ್ಲಿನ ಕಾಲದಲ್ಲಿ ಕೊನೆಗಾರನು ಒಳ್ಳೆಯ ಕೊನೆಗಳನ್ನಿಳಿಸಿ, ‘ಇದರಿಂದೇನು ಪ್ರಯೋಜನ’ ಎಂದು ಆ ಒಣಗಿದ ಕೊನೆಯನ್ನು ಅಲ್ಲಿಯೇ ಬಿಡುತ್ತಾನೆ, ಯಜಮಾನನೂ ಕೇಳುವುದಿಲ್ಲ. ಮುಂದಿನ ಮುಂಗಾರಿನ ಮೊದಲ ಹನಿಗಳು ಬಿದ್ದಾಗ ರೋಗದ ಬೀಜವು ದೂರದಿಂದ ಬರಬೇಕಾದ ಪ್ರಮೇಯವೇ ಇಲ್ಲ. ಅದು ನಲವತ್ತಡಿ ಎತ್ತರದಲ್ಲಿ, ಹೊಸ ಕೊನೆಯ ಪಕ್ಕದಲ್ಲಿಯೇ ಕಾದು ಕುಳಿತಿರುತ್ತದೆ. ರೋಗವು ಸುಳಿಗೆ ಇಳಿದು ಮರವೇ ಸತ್ತು ನಿಂತಿದ್ದರಂತೂ, ಆ ಮರವು ಸುತ್ತಣ ಮರಗಳಿಗೆಲ್ಲ ಅಪಾಯಕರವಾಗುವುದು. ಸತ್ತ ಮರಗಳನ್ನು ಕಡಿದು, ಒಣಕೊನೆಗಳನ್ನೂ ಉದುರಿದ ಕಾಯಿಗಳನ್ನೂ ಒಟ್ಟುಮಾಡಿ ಸುಡತಕ್ಕದ್ದೆಂದು ಹೇಳುವುದು ಚೊಕ್ಕಟತನದ ಉಪದೇಶಕ್ಕಾಗಿಯಲ್ಲ. ಮುಂದಿನ ವರ್ಷದ ಬಿತ್ತನೆಯನ್ನು ತಪ್ಪಿಸುವುದಕ್ಕಾಗಿ.

ಹಿಂದಿನವರು ಈ ಜೀವಿಯನ್ನು ಕಂಡವರಲ್ಲ. ಆದರೂ ಅವರು ಸುಮ್ಮನೆ ಕುಳಿತವರಲ್ಲ. ಮಳೆಗೆ ಮುಂಚೆಯೇ ಕರಡದ ಹುಲ್ಲಿನಿಂದ ಕೊಟ್ಟೆಗಳನ್ನು ಮಾಡಿ ಕೊನೆಗಳಿಗೆ ಕಟ್ಟುತ್ತಿದ್ದ ಪದ್ಧತಿಯು ಮಲೆನಾಡಿನಲ್ಲಿ ಪ್ರಾಚೀನವಾದುದು. ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ಕೊಳೆಯು ತಗಲದೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಈಗ ಕೆಲವರು ಅದೇ ತತ್ತ್ವದ ಮೇಲೆ ಪ್ಲಾಸ್ಟಿಕ್ ಹೊದಿಕೆಗಳನ್ನು ಕಟ್ಟುತ್ತಿದ್ದಾರೆ. ವಿಜ್ಞಾನವು ಕೊಟ್ಟೆಯನ್ನು ಹಳಿಯಲಿಲ್ಲ. ಕೊಟ್ಟೆಯು ಏಕೆ ಫಲಿಸಿತೆಂಬುದನ್ನು ತಿಳಿಸಿತು. ದೈವಕ್ಕೆ ಹರಕೆ ಹೊರುವವರು ಹೊರಲಿ. ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಹರಕೆ ಹೊತ್ತ ಆ ಹಿರಿಯರೇ ಕೊಟ್ಟೆಯನ್ನೂ ಕಟ್ಟಿದರೆಂಬುದನ್ನು ಮಾತ್ರ ಮರೆಯಬಾರದು.

ರೋಗಗಳೆಲ್ಲವೂ ಒಂದೇ ದಾರಿಯಿಂದ ಹರಡುವುವೆಂಬ ತಪ್ಪು ತಿಳಿವಳಿಕೆಯೂ ಸಾಮಾನ್ಯವಾಗಿದೆ. ಅಡಿಕೆಯ ಅಣಬೆರೋಗವು ಮಣ್ಣಿನೊಳಗೆ, ರೋಗದ ಮರದ ಬೇರಿನಿಂದ ನೆರೆಮರದ ಬೇರಿಗೆ ದಾಟುವುದು. ಅದಕ್ಕೆ ಸತ್ತ ಮರವನ್ನು ಬುಡಸಮೇತ ಕಿತ್ತು, ಸುತ್ತಲೂ ಕಂದಕ ತೆಗೆಯುವುದೇ ಮಾರ್ಗ. ಹಳದಿ ಎಲೆ ರೋಗದ ಕಾರಣವು ಮರದ ನಾಳಗಳೊಳಗೆ ಸೇರಿ ಬಾಳುವ ಅತಿಸೂಕ್ಷ್ಮ ಜೀವಿ. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ರಸ ಹೀರುವ ಒಂದು ಜಿಗಿಹುಳು. ಆ ಮರಕ್ಕೆ ಬೋರ್ಡೋ ದ್ರಾವಣವನ್ನು ಎಷ್ಟು ಸಲ ಎರಚಿದರೂ ರೋಗವು ವಾಸಿಯಾಗದು. ಎಲೆಗಳು ಕಿರಿದಾಗಿ, ಗೆಣ್ಣುಗಳು ಕುಗ್ಗಿ, ಮರವು ಮುರುಟಿಕೊಳ್ಳುವ ಹಿಡಿಮುಂಡಿಗೆಯಂತೂ ಅಂಟುರೋಗವೇ ಅಲ್ಲ. ಗಟ್ಟಿಯಾದ ಮಣ್ಣು, ನೀರು ಬಸಿಯದ ನೆಲ ಇವುಗಳಿಂದ ಬರುವಂತಹುದು. ಅಲ್ಲಿ ಬೇಕಾದುದು ಔಷಧಿಯ ಡಬ್ಬಿಯಲ್ಲ, ಬಸಿಗಾಲುವೆ ತೆಗೆಯುವ ಗುದ್ದಲಿ. ನೀರು, ಬೇರು, ಹುಳು, ನೆಲ ಎಂದು ನಾಲ್ಕು ವ್ಯಾಧಿಗಳಿಗೆ ನಾಲ್ಕು ಮೂಲಗಳಿರುವಾಗ, ಒಂದೇ ಪಂಪಿನಿಂದ ನಾಲ್ಕನ್ನೂ ಗೆಲ್ಲುವೆನೆಂಬುದು ದುಡ್ಡನ್ನು ಹೊಳೆಗೆ ಸುರಿದಂತೆಯೇ ಸರಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವು ಇಂದಿಗೂ ನಂಬತಕ್ಕ ಸಾಧನವಾಗಿದೆ. ಅದರ ಹುಟ್ಟೂ ಸ್ವಾರಸ್ಯವಾದುದು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟುರೋಗವು ತಗಲದಿರುವುದನ್ನು ಕಂಡ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕನು ಪ್ರಯೋಗಗಳನ್ನು ನಡೆಯಿಸಿ 1885 ರಲ್ಲಿ ಈ ದ್ರಾವಣವನ್ನು ಪ್ರಸಿದ್ಧಿಪಡಿಸಿದನು. 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, 1 ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರು ನೀರಿನಲ್ಲಿಯೂ ಬೇರೆ ಬೇರೆಯಾಗಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆಯು ಸಲ್ಲದು. ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ಸುಣ್ಣವು ಸಾಲದೆಂದರ್ಥ. ಆ ದಿನ ಮಾಡಿದುದನ್ನು ಆ ದಿನವೇ ಮುಗಿಸಬೇಕು.

‘ಔಷಧಿ ಹೊಡೆಸಿದರೂ ಕೊಳೆ ಬಂದಿತಲ್ಲ?’ ಎಂಬ ದೂರು ಪ್ರತಿವರ್ಷವೂ ಕೇಳಿಬರುವುದು. ದೂರುವವರು ಒಂದು ಮಾತನ್ನು ಮನನ ಮಾಡಬೇಕು. ಈ ದ್ರಾವಣವು ಕವಚವೇ ಹೊರತು ಸಂಜೀವಿನಿಯಲ್ಲ. ಕಾಯಿಯ ಮೇಲೆ ತಾಮ್ರದ ತೆಳುವಾದ ಪೊರೆಯಿದ್ದರೆ ಅಲ್ಲಿ ಬಿದ್ದ ಬೀಜಾಣು ಸಾಯುವುದು. ಆದರೆ ಒಳಹೊಕ್ಕ ರೋಗವನ್ನು ಅದು ಹೊರಡಿಸಲಾರದು. ಆದಕಾರಣ ಮೊದಲ ಸಿಂಪಡಣೆಯು ರೋಹಿಣಿ ನಕ್ಷತ್ರ ಮುಗಿಯುವುದರೊಳಗೆ, ಮಳೆ ಹಿಡಿಯುವ ಮುಂಚೆಯೇ ಆಗತಕ್ಕದ್ದು. ಕಾಯಿ ಉದುರಿದ ಮೇಲೆ ಪಂಪನ್ನು ಹುಡುಕುವುದು ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದಂತೆ. ಎಳೆಗಾಯಿಯು ದಿನದಿನಕ್ಕೆ ಬೆಳೆಯುವುದರಿಂದ ಹೊಸದಾಗಿ ಬೆಳೆದ ಭಾಗಕ್ಕೆ ಕವಚವಿರುವುದಿಲ್ಲ. ಮಳೆಯೂ ಹಳೆಯ ಪೊರೆಯನ್ನು ತೊಳೆಯುತ್ತಿರುವುದು. ಎರಡನೆಯ ಸಿಂಪಡಣೆಯು 40 ರಿಂದ 45 ದಿನಗಳೊಳಗೆ, ಪುನರ್ವಸುವಿನ ಹೊಳವನ್ನು ನೋಡಿಕೊಂಡು ಆಗಬೇಕೆಂಬುದಕ್ಕೆ ಇದೇ ಕಾರಣ. ಮಳೆ ಜಗ್ಗಿ ಹಿಡಿದ ವರ್ಷ ಮೂರನೆಯ ಸಲವೂ ಬೇಕಾದೀತು. ಆದರೆ ಬೇಕಿಲ್ಲದೆ ಎರಚುವುದೂ ಒಳಿತಲ್ಲ. ತಾಮ್ರವು ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುವಂತಹುದು. ತೋಟವನ್ನು ಶುಚಿಯಾಗಿಟ್ಟಷ್ಟೂ ಔಷಧಿಯ ಅವಶ್ಯಕತೆಯು ಕಡಿಮೆಯಾಗುವುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಕಡಿಮೆ ಚರ್ಚಿತವಾದ ವಿಷಯವೊಂದಿದೆ. ಇರಿಚಲಿಗೆ ಬೇಲಿಯಿಲ್ಲ. ಒಂದು ಕಣಿವೆಯಲ್ಲಿ ಒಂದರ ಮಗ್ಗುಲಿಗೊಂದರಂತೆ ಹತ್ತು ತೋಟಗಳಿದ್ದು, ಒಂಬತ್ತು ಮಂದಿ ಸಕಾಲದಲ್ಲಿ ದ್ರಾವಣವನ್ನು ಹೊಡೆಸಿ, ಹತ್ತನೆಯವನು ಪಟ್ಟಣದಲ್ಲಿದ್ದುಕೊಂಡು ತೋಟವನ್ನು ಪಾಳುಬಿಟ್ಟರೆ, ಆ ಒಂದು ತೋಟದ ಒಣಕೊನೆಗಳು ಒಂಬತ್ತು ತೋಟಗಳಿಗೂ ಮಳೆಗಾಲವೆಲ್ಲ ರೋಗವನ್ನು ಹಂಚುತ್ತಲೇ ಇರುತ್ತವೆ. ಬೆಟ್ಟದ ಬೆಂಕಿಯನ್ನು ನಂದಿಸಲು ಊರೆಲ್ಲ ಹೊರಡುವುದು. ಏರಿ ಬಿರಿದರೆ ಊರೆಲ್ಲ ಮಣ್ಣು ಹೊರುವುದು. ಕೊಳೆರೋಗವನ್ನು ಮಾತ್ರ ಪ್ರತಿಯೊಬ್ಬನೂ ತನ್ನ ಮನೆಯ ಕಷ್ಟವೆಂದು ಬಗೆದು ಒಂಟಿಯಾಗಿ ಹೋರಾಡುವುದೇಕೆ? ಒಂದು ಕಣಿವೆಯ ಬೆಳೆಗಾರರೆಲ್ಲರೂ ಚೈತ್ರ ವೈಶಾಖಗಳಲ್ಲಿ ಒಂದೆಡೆ ಕಲೆತು, ಒಣಕೊನೆಗಳನ್ನಿಳಿಸುವ ದಿನವನ್ನೂ ಸಿಂಪಡಣೆಯ ಸರದಿಯನ್ನೂ ಗೊತ್ತುಮಾಡಿಕೊಂಡು, ಶಕ್ತಿಯಿಲ್ಲದವರ ಮತ್ತು ಊರಿನಲ್ಲಿಲ್ಲದವರ ತೋಟಗಳ ಕೆಲಸವನ್ನೂ ಸಹಕಾರ ಸಂಘಗಳ ಮುಖಾಂತರ ಮಾಡಿಸಿ, ವೆಚ್ಚವನ್ನು ಆಮೇಲೆ ವಸೂಲು ಮಾಡಿಕೊಳ್ಳುವ ಏರ್ಪಾಡು ಆಗಬೇಕು. ಇದು ಪರೋಪಕಾರವೆಂಬುದಕ್ಕಿಂತ ಹೆಚ್ಚಾಗಿ ಸ್ವಂತ ತೋಟದ ರಕ್ಷಣೆಯೆಂದು ತಿಳಿಯತಕ್ಕದ್ದು.

ಕಾಲಹರಣದಿಂದಾಗುವ ನಷ್ಟವು ಅಡಿಕೆಯದು ಮಾತ್ರವಲ್ಲವೆಂಬುದನ್ನೂ ಯಜಮಾನರು ಯೋಚಿಸಬೇಕು. ವೈಶಾಖದಲ್ಲಿ ಒಣಗಿರುವ ಮರವನ್ನೇರುವುದೂ, ಆಷಾಢದಲ್ಲಿ ಪಾಚಿಗಟ್ಟಿ ಜಾರುತ್ತಿರುವ ಅದೇ ಮರವನ್ನೇರುವುದೂ ಒಂದೇ ಅಲ್ಲ. ಯಜಮಾನನು ಮೂರು ವಾರ ತಡಮಾಡಿದುದರ ಬೆಲೆಯನ್ನು ನಲವತ್ತಡಿ ಎತ್ತರದಲ್ಲಿ ತೂಗುತ್ತಿರುವ ಕೊನೆಗಾರನು ತನ್ನ ಪ್ರಾಣದಿಂದ ತೆರಬೇಕಾಗಬಹುದು. ಕೊನೆಗಾರರು ವಿರಳವಾಗುತ್ತಿರುವ ಈ ಕಾಲದಲ್ಲಿ, ನೆಲದ ಮೇಲೆ ನಿಂತೇ ಸಿಂಪಡಿಸಲು ಬರುವ ಉದ್ದನೆಯ ಹಗುರವಾದ ದೋಟಿಗಳು ಹಲವೆಡೆ ಬಳಕೆಗೆ ಬಂದಿರುವುದು ಸಮಾಧಾನಕರ ಸಂಗತಿ. ಇಂತಹವನ್ನು ಒಬ್ಬೊಬ್ಬರೂ ಕೊಳ್ಳಲಾರದಿದ್ದರೆ ಕಣಿವೆಗೊಂದರಂತೆ ಕೂಡಿ ಕೊಳ್ಳಬಹುದಾಗಿದೆ.

ಇಲಾಖೆಗಳ ಕರ್ತವ್ಯದ ವಿಷಯವಾಗಿಯೂ ಒಂದು ಮಾತು ಸಲ್ಲುವುದು. ತಿಳಿವಳಿಕೆ ಪತ್ರಗಳಲ್ಲಿ ‘ಇಷ್ಟು ಮೈಲುತುತ್ತ, ಇಷ್ಟು ಸುಣ್ಣ’ ಎಂಬ ಅಳತೆಯು ಇರುವುದೇ ಹೊರತು, ‘ಏಕೆ’ ಎಂಬುದಕ್ಕೆ ಉತ್ತರವಿರುವುದು ಅಪರೂಪ. ಅಳತೆಯನ್ನು ಮಾತ್ರ ಅರಿತವನು ಮಳೆಯು ಹದಿನೈದು ದಿನ ಮುಂಚೆಯೇ ಬಂದರೆ ದಿಕ್ಕುಗೆಡುವನು. ಕಾರಣವನ್ನು ಅರಿತವನು ಮಳೆಯು ಮುಂಚೆ ಬರಲಿ, ತಡವಾಗಿ ಬರಲಿ, ತನ್ನ ಬುದ್ಧಿಯಿಂದಲೇ ಸಮಯವನ್ನು ನಿಶ್ಚಯಿಸಿಕೊಳ್ಳುವನು. ಮುಂಗಾರಿನ ನಡತೆಯು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವಾಗ, ತಾರೀಖನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕಾರಣವನ್ನು ಮನಗಾಣಿಸುವುದೇ ನಿಜವಾದ ಪ್ರಚಾರಕಾರ್ಯ. ಪತ್ರಗಳೂ ಮಳೆ ಹಿಡಿದ ಮೇಲೆ ತಲುಪದೆ, ಯುಗಾದಿಯ ವೇಳೆಗೆ ರೈತರ ಕೈಸೇರಬೇಕು.

ಮಳೆಯೇ ಕಾರಣವೆಂದು ನಂಬಿದವನಿಗೆ ಮುಗಿಲನ್ನು ನೋಡಿ ನಿಟ್ಟುಸಿರಿಡುವುದೊಂದೇ ಗತಿ. ಮಳೆಯೊಡನೆ ಬರುವ ರೋಗದ ಬೀಜವು ಬೇಸಿಗೆಯಲ್ಲಿ ತನ್ನ ಮರದ ಮೇಲೆಯೇ, ನೆರೆಯವನ ಮರದ ಮೇಲೆಯೇ ಇರುವುದೆಂದು ತಿಳಿದವನಿಗೆ ಮಾಡಬೇಕಾದ ಕೆಲಸವೂ, ಮಾಡಲು ಕಾಲವೂ ಉಂಟು. ಈ ಸಲದ ಕೊಯ್ಲಿನಲ್ಲಿ ಕೊನೆಗಾರನು ಮರದಿಂದ ಇಳಿಯುವುದಕ್ಕೆ ಮುಂಚೆ, ‘ಒಣಕೊನೆಯನ್ನೂ ಇಳಿಸಪ್ಪಾ’ ಎಂದು ಯಜಮಾನನು ಕೂಗಿ ಹೇಳಿದರೆ, ಮುಂದಿನ ಮಳೆಗಾಲದ ಹೋರಾಟವು ಆಗಲೇ ಆರಂಭವಾದಂತೆ.